ಎರಡು ಎಡತೋಳುಗಳ ತಿಂಗಳು

ಮಾರ್ಚ್ 3, ಸೋಮವಾರ

ಈ ಅಳತೆ ಪುಸ್ತಕದ ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಎದೆ, ಸೊಂಟ, ಹೆಗಲುಗಳ ವಿವರವಿದೆ. ಹಿಂದಿನ ಹಾಳೆಗಳು ಖಾಲಿ. ಇಲ್ಲಿ ನನ್ನ ಹೊಟ್ಟೆಯ ಅಳತೆ ಬರೆದುಕೊಳ್ಳೋಣ ಅಂತ. ಸುತ್ತಳತೆಯಲ್ಲ, ಒಳಗಿನ ಕಿಚ್ಚಿನದು. ಟೇಪು ಸಾಲುವುದಿಲ್ಲ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಮಾಸ್ಟರು ಕನ್ನಡಕ ಒರೆಸುತ್ತ ಹೇಳಿದರು: "ನನ್ನ ಕಣ್ಣು ಕೈಕೊಡ್ತಾ ಇದೆ. ಕಪ್ಪು ಬಟ್ಟೆ ಮೇಲೆ ಗೆರೆ ಕಾಣಲ್ಲ. ತಿಂಗಳ ಕೊನೆಗೆ ಕತ್ತರಿ ಕೆಳಗಿಡ್ತೀನಿ. ಆಮೇಲೆ ಈ ಮೇಜಿಗೆ ನಿಮ್ಮಿಬ್ಬರಲ್ಲಿ ಒಬ್ಬರು. ಯಾರು ಅಂತ ಈ ತಿಂಗಳ ಕೆಲಸ ನೋಡಿ ಹೇಳ್ತೀನಿ."

ಕಣ್ಣು ಹೇಗೆ ಕೈಕೊಡುತ್ತದೆ ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ನಗು ಬರಲಿಲ್ಲ. ಆ ಮೇಜೆಂದರೆ ಕಿಟಕಿ ಪಕ್ಕದ ದೊಡ್ಡ ಮೇಜು. ಕೋಟುಗಳನ್ನು ಕತ್ತರಿಸುವುದು ಅದರ ಮೇಲೆ ಮಾತ್ರ. ಹನ್ನೊಂದು ವರ್ಷದಿಂದ ನಾನು ಗೋಡೆ ಪಕ್ಕದ ಸಣ್ಣ ಮೇಜಿನಲ್ಲಿ ಪ್ಯಾಂಟು, ಅದರ ಲೈನಿಂಗು ಕತ್ತರಿಸಿಕೊಂಡಿದ್ದೇನೆ. ಊರಿನ ಗಂಡಸರ ಕಾಲು ನೋಡಿಕೊಂಡೇ ಕಾಲ ಕಳೆದವಳು, ಎದೆಯವರೆಗೆ ಏರಲೇ ಇಲ್ಲ.

ಇನ್ನೊಬ್ಬಳು ಚಿಟಿಕೆ. ನಾನಿಟ್ಟ ಹೆಸರು, ನನ್ನ ಮನಸ್ಸಿನೊಳಗೆ ಮಾತ್ರ. ಇಪ್ಪತ್ತಾರು ವರ್ಷ. ಕೋರ್ಸು ಮುಗಿಸಿ ಎಂಟು ತಿಂಗಳ ಹಿಂದೆ ಬಂದಳು. ಏನು ಹೇಳಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಾಳೆ, ಮುಗಿಸಿದ ಮೇಲೆ ನಿಜವಾಗಿಯೂ ಚಿಟಿಕೆ ಹೊಡೆಯುತ್ತಾಳೆ. ಮಾಸ್ಟರ ಮಾತಿಗೆ ಅವಳೆಂದಳು: "ಖಂಡಿತ ಮಾಸ್ಟ್ರೇ, ನಂಗೆ ಆಸೆ ಇದೆ."

ಎಷ್ಟು ಸುಲಭ! ಆಸೆ ಇದೆ ಅಂತೆ!

ನಾನೆಂದದ್ದು: "ನಂಗ್ಯಾಕೆ ಬಿಡಿ ಮಾಸ್ಟ್ರೇ. ಅವಳು ಚಿಕ್ಕವಳು, ಕೈ ಚುರುಕು."

ಯಾರು ಹೇಳಿಸಿದರು ಇದನ್ನು ನನ್ನ ಬಾಯಲ್ಲಿ? ಆ ಮೇಜಿನ ಕನಸು ಕಂಡೇ ಹನ್ನೊಂದು ವರ್ಷ ಸವೆಸಿದ್ದೇನೆ. ಕತ್ತೆ.

ಮಾರ್ಚ್ 5, ಬುಧವಾರ

ಚಿಟಿಕೆ ಎಳೆಯುವ ಗೆರೆ ನೋಡಿದೆ. ಒಂದೇ ಗೆರೆ. ಹೆಗಲಿಂದ ಹೊರಟು ಕಂಕುಳು ಸುತ್ತಿ ಸೊಂಟಕ್ಕೆ ಇಳಿಯುತ್ತದೆ, ಮಧ್ಯೆ ಎಲ್ಲೂ ಉಸಿರಾಡುವುದಿಲ್ಲ. ಅವಳು ಊಟಕ್ಕೆ ಹೋದಾಗ ಟೇಪು ಹಿಡಿದು ಅಳೆದೆ. ತಪ್ಪು ಹುಡುಕಲು, ಇನ್ಯಾತಕ್ಕೆ? ಸಿಗಲಿಲ್ಲ. ಊಟ ರುಚಿಸಲಿಲ್ಲ.

ನಾನು ಎಳೆಯುವುದು ಎರಡು ಗೆರೆ. ಒಂದು ಸರಿಯಾದದ್ದು. ಅದರ ಹೊರಗೆ ಇನ್ನೊಂದು, "ಇರಲಿ" ಅಂತ. ಅಕಸ್ಮಾತ್ ಅಳತೆ ತಪ್ಪಿದ್ದರೆ, ಗಿರಾಕಿ ದಪ್ಪಗಾದರೆ, ಆಕಾಶ ಕಳಚಿ ಬಿದ್ದರೆ, ಮಾರ್ಜಿನ್ ಇರಲಿ. ಕತ್ತರಿ ಯಾವಾಗಲೂ ಹೊರಗಿನ ಗೆರೆ ಹಿಡಿಯುತ್ತದೆ. ಹೊಲಿಯುವವರು ಬೈದುಕೊಂಡು ಒಳಗಿನ ಗೆರೆಗೆ ತರುತ್ತಾರೆ.

ಗುಂಡಿ ಅಕ್ಕ ಅಂಗಡಿಯ ಗುಂಡಿ, ಕಾಜಾ ಕೆಲಸದ ಹಿರಿಯಳು. ಬಾಯಿಗೆ ಮಾತ್ರ ಗುಂಡಿಯಿಲ್ಲ. ಇವತ್ತು ನನ್ನ ಪ್ಯಾಂಟೊಂದನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಕೇಳಿದಳು: "ಏನಮ್ಮಾ, ಇದು ಒಬ್ಬರಿಗೋ, ಇಲ್ಲಾ ಒಳಗೆ ಬಾಡಿಗೆಗೆ ಇನ್ನೊಬ್ಬರನ್ನ ಇಡೋದೋ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. "ನನ್ನ ತಲೆಯಲ್ಲೂ ಅಷ್ಟೇ ಅಕ್ಕಾ, ಜಾಗ ಖಾಲಿ" ಎಂದೂ ಸೇರಿಸಿದೆ. ನನ್ನನ್ನು ಹಾಸ್ಯ ಮಾಡುವ ಗುತ್ತಿಗೆಯನ್ನು ನಾನೇ ಹಿಡಿದರೆ ಬೇರೆಯವರಿಗೆ ಕೆಲಸ ಉಳಿಯುವುದಿಲ್ಲ ಎಂಬುದು ನನ್ನ ಹಳೆಯ ಲೆಕ್ಕಾಚಾರ. ಚಿಟಿಕೆ ಮಾತ್ರ ನಗಲಿಲ್ಲ. "ಅಕ್ಕ ಕತ್ತರಿಸಿದ ಪ್ಯಾಂಟು ಬೀಳೋ ರೀತಿ ಚೆನ್ನಾಗಿರತ್ತೆ" ಎಂದಳು. ಕರುಣೆ! ಅದಕ್ಕಿಂತ ಆ ಕತ್ತರಿಯಲ್ಲಿ ಚುಚ್ಚಿದ್ದರೆ ಒಳ್ಳೆಯದಿತ್ತು.

ಮಾರ್ಚ್ 7, ಶುಕ್ರವಾರ

ಪಿಟೀಲುವಾದಕರು ಬಂದಿದ್ದರು. ಎಪ್ಪತ್ತರ ಹತ್ತಿರ. ಇಪ್ಪತ್ತೊಂಬತ್ತಕ್ಕೆ ಅವರ ದೊಡ್ಡ ಕಛೇರಿ, ಬಹುಶಃ ಕೊನೆಯದು. ಅದಕ್ಕೊಂದು ಮಖಮಲ್ಲಿನ ಕೋಟು. ಬಟ್ಟೆ ಅವರೇ ತಂದರು, ಮುಸ್ಸಂಜೆಯ ನೀಲಿ. ಹೆಂಡತಿ ತೀರಿಕೊಳ್ಳುವ ಮೊದಲು ತೆಗೆದಿಟ್ಟದ್ದಂತೆ. "ಇಷ್ಟೇ ಇರೋದು. ಆ ಅಂಗಡೀನೂ ಇಲ್ಲ ಈಗ" ಎಂದರು. ಹರಡಿ ಅಳೆದರೆ ಕೋಟಿಗೆ ಸರಿಯಾಗಿ ಸಾಕು, ಮೇಲೆ ಒಂದು ಅಂಗೈಯಗಲವೂ ಮಿಕ್ಕುವುದಿಲ್ಲ.

ಐವತ್ತು ವರ್ಷ ಪಿಟೀಲು ಒತ್ತಿ ಹಿಡಿದು ಅವರ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಮೇಲೆ. ಬಾಗಿಲಲ್ಲಿ ನಿಂತಾಗಲೇ ನನಗೆ ಕಂಡಿತು. ಮಾಸ್ಟರಿಗೆ ಟೇಪು ಹಿಡಿದ ಮೇಲೆ ಕಂಡಿತು. ಚಿಟಿಕೆಗೆ ಮಾಸ್ಟರು ಹೇಳಿದ ಮೇಲೆ. ಇದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಅಲ್ಲಿ ಬಾಯಿ ಬಿಡಲಿಲ್ಲ.

ಮಾಸ್ಟರು ನನ್ನ ಕಡೆಗೇ ತಿರುಗಿ ಕೇಳಿದರು: "ಇದನ್ನ ಮಾಡ್ತೀಯಾ ತಾಯಿ?"

ನನ್ನ ಕಡೆಗೇ! ಮೊದಲು ನನ್ನನ್ನೇ!

"ಮಖಮಲ್ಲು ಮಾಸ್ಟ್ರೇ… ನನ್ನ ಕೈ ಯಾಕೋ ಸ್ವಲ್ಪ ನೋಯ್ತಿದೆ. ಅವಳಿಗೇ ಕೊಡಿ."

ಕೈ ನೋಯುತ್ತಿರಲಿಲ್ಲ. ಈಗ ನೋಯುತ್ತಿದೆ, ಹಣೆಗೆ ಹೊಡೆದುಕೊಂಡು.

ಮಾರ್ಚ್ 8, ಶನಿವಾರ

ಕತ್ತೆ, ಕತ್ತೆ, ಕತ್ತೆ. (ಕತ್ತೆಗಳ ಕ್ಷಮೆ ಕೋರಿ.)

ಮಾರ್ಚ್ 12, ಬುಧವಾರ

ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ ಎಂದು ಕಾಲೇಜಿನಲ್ಲಿ ಓದಿದ್ದೆ. ಕೈಯಲ್ಲಿ ಬಟ್ಟೆ ಹಿಡಿದೇ ಬಟ್ಟೆ ತಪ್ಪಿದವಳು ನಾನೊಬ್ಬಳೇ ಇರಬೇಕು.

ಚಿಟಿಕೆ ದೊಡ್ಡ ಮೇಜಿನಲ್ಲಿ ನಿಂತಿದ್ದಾಳೆ. ಅವಳ ಮೇಲೆ ಕಿಟಕಿಯ ಬೆಳಕು ಬೀಳುತ್ತದೆ. ನನ್ನ ಮೇಲೆ ಟ್ಯೂಬ್‌ಲೈಟಿನದು, ಅದೂ ಮಿಣಮಿಣ. ಪಿಟೀಲುವಾದಕರು ಎರಡನೇ ಸಲ ಅಳತೆಗೆ ಬಂದಿದ್ದರು. ಅವಳ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕರು. ನನ್ನ ಹತ್ತಿರ ಯಾರೂ ನಕ್ಕಿಲ್ಲ ಅಂತಲ್ಲ, ನನ್ನನ್ನು ನೋಡಿ ನಗುತ್ತಾರೆ. ಅವಳ ಚಪ್ಪಲಿ ಚೆನ್ನಾಗಿದೆ. ಅವಳ ಕೈಬರಹ ಚೆನ್ನಾಗಿದೆ. ಅವಳು ನೆಗಡಿಯಾದಾಗ ಸೀನುವುದೂ ಸಂಗೀತದ ಹಾಗಿದೆ. ಇಷ್ಟೆಲ್ಲ ಒಬ್ಬಳಿಗೇ ಯಾಕೆ? ಹಂಚುವಾಗ ನಾನು ಯಾವ ಸಾಲಿನಲ್ಲಿ ನಿಂತಿದ್ದೆ? ಗೊತ್ತು. "ಮೊದಲು ನೀವು, ಮೊದಲು ನೀವು" ಎನ್ನುತ್ತ ಹಿಂದೆ ಸರಿಯುತ್ತಿದ್ದೆ.

ಮಾರ್ಚ್ 13, ಗುರುವಾರ

ಇದನ್ನು ಬರೆಯಬಾರದು. ಬರೆಯುತ್ತೇನೆ.

ಬೇರೆ ಬಟ್ಟೆಯಾದರೆ ಎರಡು ಪದರ ಮಡಿಸಿ ಕತ್ತರಿಸುತ್ತೇವೆ. ಒಂದೇ ಸಲಕ್ಕೆ ಎಡತೋಳು, ಬಲತೋಳು ಎರಡೂ ಬರುತ್ತವೆ. ಮಖಮಲ್ಲು ಮಡಿಸಿದರೆ ಜಾರುತ್ತದೆ. ಆದ್ದರಿಂದ ಒಂದೊಂದೇ ಪದರ. ಕಾಗದದ ನಮೂನೆ ಇಟ್ಟು ಎಡತೋಳು ಕತ್ತರಿಸಬೇಕು, ನಮೂನೆಯನ್ನು ಮಗುಚಿ ಬಲತೋಳು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಎಡತೋಳು.

ಮಧ್ಯಾಹ್ನ ನೀರು ಕುಡಿಯಲು ದೊಡ್ಡ ಮೇಜಿನ ಪಕ್ಕ ಹಾದುಹೋದೆ. ಎಡತೋಳು ಕತ್ತರಿಸಿ ಆಗಿತ್ತು. ಎರಡನೆಯದಕ್ಕೆ ಗೆರೆ ಎಳೆದಾಗಿತ್ತು. ನಮೂನೆ ಮಗುಚಿರಲಿಲ್ಲ.

ಕಂಡಿತು. ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಚಿಟಿಕೆ ಕತ್ತರಿ ಒರೆಸುತ್ತಿದ್ದಳು.

ನೀರು ಕುಡಿದೆ. ಲೋಟ ತೊಳೆದೆ. ಇನ್ನೊಂದು ಲೋಟ ಕುಡಿದೆ. ವಾಪಸು ಬಂದು ಕೂತೆ. ಕತ್ತರಿಯ ಸದ್ದು ಕೇಳಿತು.

ಮಾರ್ಚ್ 14, ಶುಕ್ರವಾರ

ಗೊತ್ತಾಯಿತು. ತೋಳು ಹೊಲಿಯಲು ಕೊಟ್ಟಾಗ ಗುಂಡಿ ಅಕ್ಕ ಎರಡನ್ನೂ ಎತ್ತಿ ಹಿಡಿದು ಹೇಳಿದಳು: "ಇದೇನು, ಆ ಯಜಮಾನರಿಗೆ ಬಲಗೈ ಇಲ್ವಾ?"

ಮಾಸ್ಟರು ಮೂಗಿನ ತುದಿಗೆ ತಂದು ನೋಡಿ, ಕುರ್ಚಿ ಎಳೆದು ಕೂತರು. ಚಿಟಿಕೆಯ ಮುಖ ಬಿಳಿಚಿ ಹೋಯಿತು.

ಮೊದಲ ಅರೆಕ್ಷಣ ನನಗಾದದ್ದು ಸಂತೋಷ. ಬರೆದುಬಿಡುತ್ತೇನೆ, ಸಂತೋಷವೇ. ಎಡತೋಳಿನ ಎಡವಟ್ಟು ಎಂಬ ಶೀರ್ಷಿಕೆಯೂ ಹೊಳೆಯಿತು. ನನ್ನ ಕೈಲಿ ಕತ್ತರಿಸಿದ್ದರೆ ಆ ಮಾರ್ಜಿನ್‌ನಲ್ಲಿ ಮೂರನೇ ತೋಳು ಬರುತ್ತಿತ್ತು ಅನ್ನಿಸಿ ಒಳಗೊಳಗೇ ನಕ್ಕೆ.

ಆಮೇಲೆ ಚಿಟಿಕೆ ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಅತ್ತಳು. ಪರದೆಯ ಕೆಳಗೆ ಆ ಚೆಂದದ ಚಪ್ಪಲಿ ಕಾಣುತ್ತಿತ್ತು. ಹೋಗಿ ಪರದೆಯ ಹೊರಗೆ ನಿಂತೆ. ಯಾಕೆ ಹೋದೆನೋ.

"ನಾನೊಬ್ಬಳು ದಂಡ ಅಕ್ಕಾ. ನಂಗೆ ಕತ್ತರಿ ಹಿಡಿಯೋ ಯೋಗ್ಯತೇನೇ ಇಲ್ಲ."

"ಏಯ್, ಸಾಕು. ಒಂದು ತೋಳು ತಪ್ಪಿದೀಯ, ಜೀವನ ತಪ್ಪಿಲ್ಲ. ಎಂಟು ತಿಂಗಳು ಕತ್ತರಿಸಿದ್ದೆಲ್ಲ ಎಲ್ಲಿ ಹೋಯ್ತು? ಮುಖ ತೊಳ್ಕೊಂಡು ಬಾ."

ಎಷ್ಟು ಸರಾಗವಾಗಿ ಬಂತು ಮಾತು! ಇಷ್ಟು ಒಳ್ಳೆಯ ಮಾತು ನನ್ನ ಹತ್ತಿರ ದಾಸ್ತಾನಿದ್ದದ್ದು ನನಗೇ ಗೊತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದು ನನ್ನ ಕೈ ಹಿಡಿದಳು. "ನೀವು ಎಷ್ಟು ಒಳ್ಳೆಯವರು ಅಕ್ಕಾ."

ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಇವರಿಗೆ ಹೇಳಿಬಿಟ್ಟೆ. ನೋಡಿದೆ, ಸುಮ್ಮನಿದ್ದೆ, ಕತ್ತರಿಸಲು ಬಿಟ್ಟೆ. ನಮ್ಮ ಯಜಮಾನರು ಡ್ರೈವಿಂಗ್ ಕಲಿಸುವವರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕ್ ಒತ್ತುವುದು ಅವರ ಕಸುಬು.

"ನಾನು ಮನುಷ್ಯಳೇ ಅಲ್ಲ ರೀ. ಹೊಟ್ಟೆಕಿಚ್ಚಿನ ಹುಳ. ಮೇಜು ಹೋಗ್ಲಿ, ನಂಗೆ ಸಣ್ಣ ಮೇಜೂ ದಂಡ. ಸೋಮವಾರ ಹೋಗಿ ಕೆಲಸ ಬಿಡ್ತೀನಿ."

ಇವರು ಲೋಟ ಕೆಳಗಿಟ್ಟರು. "ಮುಗೀತಾ?"

"ಏನು ಮುಗೀತಾ?"

"ಬೈಕೊಳ್ಳೋದು. ನೋಡು, ನೀನು ಮಾಡಿದ್ದು ತಪ್ಪು. ಸಣ್ಣದಲ್ಲ. ನಾನು ಬೈಯೋಣ ಅಂದ್ರೆ ನೀನು ಜಾಗಾನೇ ಬಿಟ್ಟಿಲ್ಲ, ಎಲ್ಲಾ ನೀನೇ ಮುಗಿಸಿದೀಯ. ನನ್ನ ಹತ್ರ ಒಬ್ರು ಬರ್ತಾರೆ, ಗಾಡಿ ಆಫ್ ಆದ ಕೂಡ್ಲೇ ಸ್ಟೀರಿಂಗ್ ಬಿಟ್ಟು ತಲೆ ಚಚ್ಕೋತಾರೆ. ಹಿಂದೆ ಹಾರ್ನೋ ಹಾರ್ನು. ನಾನು ಹೇಳ್ತೀನಿ, ಅಮ್ಮಾ, ಆಮೇಲೆ ಬೈಕೊಳ್ಳಿ, ಮೊದ್ಲು ಗಾಡಿ ಪಕ್ಕಕ್ಕೆ ಹಾಕಿ."

"ಅಂದ್ರೆ?"

"ಅಂದ್ರೆ ಬೈಕೊಂಡು ಕೂತ್ಕೊಳ್ಳೋದೂ ಒಂಥರಾ ರಜೆ ಹಾಕಿದ ಹಾಗೇ ಕಣೇ. ಕೆಲಸ ಅಲ್ಲೇ ಇರತ್ತೆ."

ಸಿಟ್ಟು ಬಂತು. ಹನ್ನೊಂದು ವರ್ಷದಿಂದ ಶ್ರದ್ಧೆಯಿಂದ ಮಾಡುತ್ತಿದ್ದ ಕೆಲಸವನ್ನು ರಜೆ ಎಂದುಬಿಟ್ಟರಲ್ಲ!

ಮಾರ್ಚ್ 16, ಭಾನುವಾರ

ಕಾಗದದಲ್ಲಿ ತೋಳು ಕತ್ತರಿಸಿ ನೋಡಿದೆ. ತಪ್ಪು ತೋಳಿನ ಮೇಲೆ ಬಲತೋಳಿನ ನಮೂನೆ ಇಟ್ಟರೆ ಬಹುಪಾಲು ಕೂರುತ್ತದೆ. ಕಂಕುಳಲ್ಲಿ ಮಾತ್ರ ಮೂರು ಬೆರಳು ಬಟ್ಟೆ ಕಡಿಮೆ. ಅಲ್ಲಿಗೆ ಬೇರೆ ತುಂಡು ಸೇರಿಸಬಹುದು. ಕಾಲರ್ ಕತ್ತರಿಸಿ ಉಳಿದ ಚೂರು ಸಾಕು. ಕಮಾನು ಹಿಡಿಯುವ ಕೈ ಬಲಗೈ, ದಿನವಿಡೀ ಮೇಲೇಳುವ ಕೈ. ಕಂಕುಳಲ್ಲಿ ತುಂಡು ಸೇರಿದರೆ ತೋಳು ಎತ್ತಿದಾಗ ಕೋಟು ಮೇಲೇರುವುದಿಲ್ಲ.

ಮಖಮಲ್ಲಿನ ರೋಮ ಒಂದೇ ದಿಕ್ಕಿಗೆ ಮಲಗಬೇಕು, ಇಲ್ಲದಿದ್ದರೆ ಬಣ್ಣ ಬೇರೆ ಕಾಣುತ್ತದೆ. ಚೂರಿನ ರೋಮ ಅಡ್ಡ ಬರುತ್ತದೆ, ಆದರೆ ಕಂಕುಳ ಕತ್ತಲಲ್ಲಿ ಅದನ್ನು ಕೇಳುವವರಾರು?

ಐದು ಸಲ ಕಾಗದ ಕತ್ತರಿಸಿದೆ. ಮೂರು ಸಲ ಕೆಟ್ಟಿತು. ಕಾಗದ ಇನ್ನೂ ಇತ್ತು. ಇವರೇ ಅಡುಗೆ ಮಾಡಿದರು. ಉಪ್ಪು ಜಾಸ್ತಿ.

ಮಾರ್ಚ್ 17, ಸೋಮವಾರ

ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಮಾಸ್ಟರು, ಚಿಟಿಕೆ ಇಬ್ಬರೂ ಬಂದರು. ಕಾಗದದ ತೋಳು ತೋರಿಸಿದೆ. ಮಾಸ್ಟರು ಬೆರಳಿಂದ ಸವರಿ ಸವರಿ ನೋಡಿ ಕೇಳಿದರು: "ಮಾರ್ಜಿನ್ ಎಲ್ಲಿ ತಾಯಿ?"

"ಇಲ್ಲ ಮಾಸ್ಟ್ರೇ. ಬಟ್ಟೇನೇ ಇಲ್ಲ. ಗೆರೆ ಮೇಲೇ ಹೋಗ್ಬೇಕು."

"ಯಾರು ಹೋಗೋದು?"

ಚಿಟಿಕೆ ಕೈ ಹಿಂದೆ ಕಟ್ಟಿಕೊಂಡಳು. ಮಾಸ್ಟರು ತಮ್ಮ ಕನ್ನಡಕ ಮುಟ್ಟಿ ನೋಡಿಕೊಂಡರು. ನಾನು ಹೇಳಿದೆ: "ನಾನು ಮಾಡ್ತೀನಿ. ಆದ್ರೆ ಮೊದ್ಲು ಒಂದು ಮಾತು."

ಹೇಳಿದೆ. ಗುರುವಾರ ನೀರು ಕುಡಿಯಲು ಹೋಗಿದ್ದು, ಕಂಡಿದ್ದು, ಸುಮ್ಮನೆ ಬಂದಿದ್ದು. ಜೋಕು ಸೇರಿಸಲಿಲ್ಲ, ಎಲ್ಲಿ ಸೇರಿಸುವುದೋ ತಿಳಿಯಲಿಲ್ಲ.

ಚಿಟಿಕೆ ನನ್ನನ್ನೇ ನೋಡಿದಳು. "ಕತ್ತರಿ ಹಾಕೋ ಮೊದ್ಲೇ ನೋಡಿದ್ರಾ?"

"ಹೂಂ."

"ಆಮೇಲೆ ಬಂದು ಸಮಾಧಾನ ಮಾಡಿದ್ರಿ."

"ಹೂಂ."

"ಯಾಕೆ ಅಕ್ಕಾ?"

"ಹೊಟ್ಟೆಕಿಚ್ಚು."

ಅವಳು ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಹಾಕಿ ಕೂತಳು. ಮಾಸ್ಟರು ದೊಡ್ಡ ಮೇಜಿನ ಪಕ್ಕದ ಕಿಟಕಿ ತೆರೆದರು. ಆಮೇಲೆ, "ಹೊತ್ತಾಗತ್ತೆ, ಬೆಳಕು ಇರುವಾಗ್ಲೇ ಕತ್ತರಿಸು" ಎಂದರು.

ದೊಡ್ಡ ಮೇಜಿನಲ್ಲಿ ನಿಂತೆ. "ಕತ್ತೆ" ಎಂದು ಶುರುವಾಗುವ ಹಳೆಯ ರಾಗ ಗಂಟಲಿಗೆ ಬಂತು. ಆಮೇಲೆ ನೋಡೋಣ, ಈಗ ತೋಳಿನ ಕಡೆ ನೋಡು ಅಂದುಕೊಂಡೆ. ಒಂದೇ ಗೆರೆ ಎಳೆದೆ. ಕತ್ತರಿಸಿದೆ. ಮುಗಿದಾಗ ಗಂಟೆ ಹನ್ನೊಂದು ಇಪ್ಪತ್ತು. ಸೊಂಟ ಹಿಡಿದುಕೊಂಡಿತ್ತು. ಊಟ ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 24, ಸೋಮವಾರ

ಟ್ರಯಲ್. ಪಿಟೀಲುವಾದಕರು ಪಿಟೀಲನ್ನೂ ತಂದಿದ್ದರು. ಕೋಟು ತೊಟ್ಟು ಕನ್ನಡಿ ಮುಂದೆ ಕಮಾನು ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ಕೋಟು ಅಲುಗಲಿಲ್ಲ. ಅವರು ತಿರುಗಿ ಕೇಳಿದರು: "ಈ ತೋಳು ಯಾರು ಮಾಡಿದ್ದು?"

"ನಾನು. ಕಂಕುಳಲ್ಲಿ ತುಂಡು ಸೇರಿಸಿದೀವಿ ಸರ್. ಕತ್ತರಿಸೋವಾಗ ನಮ್ಮಿಂದ ತಪ್ಪಾಗಿತ್ತು."

ಅವರು ತೋಳು ಎತ್ತಿ, ತುಂಡಿನ ಹೊಲಿಗೆಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡರು. ಮುಖ ಒಂದು ಕ್ಷಣ ಸಣ್ಣದಾಯಿತು. ಹೆಂಡತಿ ತೆಗೆದಿಟ್ಟ ಬಟ್ಟೆಯಲ್ಲವೇ. ಆಮೇಲೆ, "ಇದು ಎತ್ತೋಕೆ ಹಗುರಾಗಿದೆ. ಇರ್ಲಿ" ಎಂದರು. ಪೂರಾ ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಕೋಟು ತೆಗೆದುಕೊಂಡು ಹೋದರು.

ಚಿಟಿಕೆ ವಾರದಿಂದ ಮಾತಿಲ್ಲ. ಕೆಲಸದ ಮಾತೂ ಗುಂಡಿ ಅಕ್ಕನ ಮೂಲಕ. "ಆ ಅಕ್ಕನಿಗೆ ಹೇಳಿ, ಕತ್ತರಿ ಬೇಕು ಅಂತ." ನಾನು ಎರಡಡಿ ದೂರದಲ್ಲೇ ಇರುತ್ತೇನೆ. ಗುಂಡಿ ಅಕ್ಕ ಇವತ್ತು ಸಿಡುಕಿದಳು: "ನಾನು ಕಾಜಾ ಮಾಡೋಳು, ಟಪಾಲು ಹಂಚೋಳಲ್ಲ."

ಇದರ ಮಧ್ಯೆಯೂ ಅವಳು ಎಳೆದ ಗೆರೆ ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ. ಅದೇನೂ ಕಡಿಮೆಯಾಗಿಲ್ಲ.

ಮಾರ್ಚ್ 31, ಸೋಮವಾರ

ಮಾಸ್ಟರು ಸಂಜೆ ನಾಲ್ಕಕ್ಕೆ ಎಲ್ಲ ಯಂತ್ರ ನಿಲ್ಲಿಸಲು ಹೇಳಿ, ಮೇಜಿನ ಪಕ್ಕ ನಿಂತರು. "ನಾನೇ ಹೇಳ್ತೀನಿ ಅಂದಿದ್ದೆ. ಅದಕ್ಕೆ ಮೊದ್ಲು ಕೇಳ್ತೀನಿ. ಇದು ಯಾರಿಗೆ ಬೇಕು?"

"ನನಗೆ" ಎಂದೆ.

ಬಾಯಿ ಮುಚ್ಚಲಿಲ್ಲ. ಹಿಂದೆಯೇ "ಆದ್ರೆ" ಬಂದು ನಾಲಿಗೆ ತುದಿಯಲ್ಲಿ ನಿಂತಿತ್ತು. ಆದ್ರೆ ಅವಳಿಗೆ ಕೊಟ್ರೂ ಪರವಾಗಿಲ್ಲ, ಆದ್ರೆ ನನ್ನ ಕೈಲಿ ಆಗತ್ತೋ ಇಲ್ವೋ. ಮಾಸ್ಟರು ಕಾದರು. ನಾನೂ ಕಾದೆ. ಏನೂ ಬರಲಿಲ್ಲ. ಬಾಯಿ ಮುಚ್ಚಿತು.

"ನಂಗೂ ಬೇಕು" ಎಂದಳು ಚಿಟಿಕೆ.

"ನೀನು ಚುರುಕು ಕಣಮ್ಮಾ. ನನಗಿಂತ ಚುರುಕು. ಇನ್ನೆರಡು ವರ್ಷಕ್ಕೆ ನಿನ್ನನ್ನ ಯಾರೂ ಹಿಡಿಯೋಕಾಗಲ್ಲ. ಈಗ ಇವಳು ನಿಂತ್ಕೊಳ್ಳಲಿ. ಇವಳು ಮಾಡಿದ್ದನ್ನ ನಾನು ಮರೆತಿಲ್ಲ, ನೀನೂ ಮರೀಬೇಡ. ಆದ್ರೆ ಕೆಟ್ಟಿದ್ದನ್ನ ಬಟ್ಟೆ ಇಲ್ದೇ ಸರಿ ಮಾಡೋದು ಇವಳಿಗೆ ಗೊತ್ತು. ಬಂದು ಹೇಳೋದೂ ಗೊತ್ತಾಯ್ತು."

ಗುಂಡಿ ಅಕ್ಕ ಚಪ್ಪಾಳೆ ಹೊಡೆದಳು. ಅವಳೊಬ್ಬಳೇ.

ಚಿಟಿಕೆ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದಳು. ಕೆನ್ನೆ ಕೆಂಪು, ತುಟಿ ಬಿಗಿ, ಕಣ್ಣು ಮೇಜಿನ ಅಂಚಿನ ಮೇಲೆ. ಆ ಮುಖದ ಒಂದೊಂದು ಗೆರೆಯೂ ನನಗೆ ಬಾಯಿಪಾಠ. ಹತ್ತಿರ ಹೋದೆ. "ಏನೋ ಅದೃಷ್ಟ ಕಣೇ, ನನಗೇನು ಬರತ್ತೆ" ಎಂದು ಹೇಳುವುದು ಈ ಸಮಯದ ರೂಢಿ. ಬರಲಿಲ್ಲ.

"ಹೊಟ್ಟೆ ಉರೀತಿದೆಯಾ?" ಎಂದೆ.

ಎರಡು ವಾರದ ಮೇಲೆ ನೇರ ನನಗೇ ಉತ್ತರ ಕೊಟ್ಟಳು. "ಹೂಂ. ತುಂಬಾ."

"ಉರೀಲಿ. ನಾಳೆ ಬೇಗ ಬಾ. ಚೌಕಳಿ ಬಟ್ಟೆ ಬಂದಿದೆ, ಗೆರೆಗೆ ಗೆರೆ ಕೂಡಿಸೋದು ನನ್ನೊಬ್ಬಳ ಕೈಲಾಗಲ್ಲ."

"ಬರ್ತೀನಿ. ಆದ್ರೆ ಮಾತಾಡಲ್ಲ."

"ಬೇಡ. ಒಂದು ತುದಿ ಹಿಡ್ಕೊಂಡು ನಿಂತ್ರೆ ಸಾಕು."

ಏಪ್ರಿಲ್ 1, ಮಂಗಳವಾರ

ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಹೇಳಿದ ಹಾಗೆ ಮಾತಾಡಲಿಲ್ಲ, ಹತ್ತೂವರೆಯವರೆಗೆ. ಆಮೇಲೆ, ನಾನು ಗೆರೆ ಎಳೆದ ಕೋಟಿನ ಬೆನ್ನಭಾಗದಲ್ಲಿ ಚೌಕಳಿ ಕಾಲು ಇಂಚು ಓರೆ ಇದೆ ಅಂದಳು.

ಅಳೆದು ನೋಡಿದೆ. ಇತ್ತು. ಸರಿಮಾಡಿದೆವು.